ರಾತ್ರಿಯಿಡೀ ಒಂಟೆ ಬುಳುಬುಳು ಎನ್ನುತ್ತದೆ, ಬಾಯಿಂದ ಕೆಂಪು ಚೀಲ ಹೊರಬರುತ್ತದೆ: ಇದು ಕಾಯಿಲೆಯೇ?

ಹೊಲದ ಮನೆ, ಹೊರ್ತಿ:

ಎಲ್ಲರಿಗೂ ನಮಸ್ಕಾರ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊರ್ತಿಯ ಹತ್ತಿರ ನಮ್ಮ ಹೊಲ. ಎರಡು ಎಕರೆ ಲಿಂಬೆ ಇದೆ, ಉಳಿದದ್ದು ಬಿಳಿಜೋಳ ಮತ್ತು ಕಡಲೆ. ಮನೆಯೂ ಹೊಲದಲ್ಲೇ. ಮೂರು ದಿನಗಳಿಂದ ನಮ್ಮ ಬದುವಿನ ಆಚೆ ಬೀಳು ಜಾಗದಲ್ಲಿ ಒಂಟೆಯವರು ಇಳಿದುಕೊಂಡಿದ್ದಾರೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮಕ್ಕಳನ್ನು ಒಂಟೆಯ ಮೇಲೆ ಕೂಡಿಸಿ ಸುತ್ತು ಹಾಕಿಸಿದವರು, ಈಗ ಮುಂದಿನ ಊರಿಗೆ ಹೊರಟಿದ್ದಾರೆ. ಒಂದು ದೊಡ್ಡ ಗಂಡು, ಎರಡು ಹೆಣ್ಣು, ಇನ್ನೂ ತಿಂಗಳು ತುಂಬದ ಒಂದು ಮರಿ.

ಮೊದಲ ರಾತ್ರಿ ಹನ್ನೊಂದರ ಸುಮಾರಿಗೆ ನನಗೆ ಎಚ್ಚರವಾಯಿತು. ತುಂಬಿದ ಬಾವಿಯಲ್ಲಿ ಕೊಡವನ್ನು ಅದುಮಿ ಹಿಡಿದಾಗ ನೀರು ಒಳಗೆ ನುಗ್ಗಿ ಗಾಳಿ ಹೊರಬರುವ ಸದ್ದು ಇರುತ್ತದಲ್ಲ, ಬುಳುಬುಳುಬುಳು ಎಂದು, ಅದೇ ಸದ್ದು. ಕೊಡವಾದರೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಇದು ನಿಂತು ನಿಂತು ಮತ್ತೆ ಶುರುವಾಗುತ್ತಿತ್ತು. ಬ್ಯಾಟರಿ ಹಿಡಿದು ಬದುವಿನವರೆಗೆ ಹೋದೆ. ಗಂಡು ಒಂಟೆ ಕತ್ತು ಮೇಲೆತ್ತಿ ನಿಂತಿತ್ತು. ಬಾಯಿಯ ಒಂದು ಮಗ್ಗುಲಿನಿಂದ ಎಳೆಯ ಸೋರೆಕಾಯಿಯಷ್ಟು ದೊಡ್ಡ ಕೆಂಪು ಚೀಲ ಜೋತುಬಿದ್ದಿತ್ತು. ಊದಿಕೊಂಡು, ತೇವದಿಂದ ಹೊಳೆಯುತ್ತಿತ್ತು. ತುಟಿಯ ತುಂಬ ಬಿಳಿ ನೊರೆ. ನೋಡುನೋಡುತ್ತಿದ್ದಂತೆ ಚೀಲ ಒಳಗೆ ಹೋಯಿತು. ನಮ್ಮ ಎಮ್ಮೆಗೆ ಒಮ್ಮೆ ಕರು ಹಾಕಿದ ಮೇಲೆ ಗರ್ಭಕೋಶ ಹೊರಬಿದ್ದಿತ್ತು. ಅದರ ಬಣ್ಣ, ಆ ಹೊಳಪು ಥಟ್ಟನೆ ಕಣ್ಣ ಮುಂದೆ ಬಂದು ನನ್ನ ಕೈಕಾಲು ತಣ್ಣಗಾದವು. ಬೆಳಿಗ್ಗೆ ಒಂಟೆಯವರಲ್ಲಿ ಹಿರಿಯರನ್ನು ನನಗೆ ಬರುವಷ್ಟು ಹಿಂದಿಯಲ್ಲಿ ಕೇಳಿದೆ. ‘ಮಸ್ತಿ, ಮಸ್ತಿ’ ಎಂದು ನಕ್ಕರು. ನಮ್ಮ ಮಾವನವರು ಅದು ನಾಲಿಗೆ ಎನ್ನುತ್ತಾರೆ. ಪಕ್ಕದ ಹೊಲದವರು ಕರುಳೇ ಹೊರಗೆ ಬಂದಿದೆ ಎನ್ನುತ್ತಾರೆ.

ಎರಡನೆಯದು ಬೆಳಗಿನ ಸದ್ದು. ಸಾಮಾನು ಹೇರಲು ಒಂಟೆಯನ್ನು ಕೂಡಿಸುವಾಗ ಅದು ಬಾಯಿ ಅಗಲಿಸಿ ನರಳುತ್ತದೆ. ವಯಸ್ಸಾದವರು ಹೊಟ್ಟೆನೋವಿನಿಂದ ಮುಲುಗಿದಂತೆ ಆರಂಭವಾಗಿ ಅರಚಾಟದವರೆಗೆ ಹೋಗುತ್ತದೆ. ಅವರು ಹೊಡೆದದ್ದನ್ನು ನಾನು ಕಂಡಿಲ್ಲ, ಆದರೂ ಕೇಳಿ ಸಂಕಟವಾಗುತ್ತದೆ.

ಮೂರನೆಯದು ತಾಯಿ ಒಂಟೆಯದು. ಬಾಯಿ ಮುಚ್ಚಿಕೊಂಡೇ ಹೂಂ... ಎಂದು ಗಂಟಲಲ್ಲಿ ಎಳೆಯುತ್ತದೆ. ಮರಿ ಕುರಿಮರಿಯ ಹಾಗೆ ಕೂಗುತ್ತಾ ಓಡಿಬರುತ್ತದೆ. ಇದನ್ನು ಕೇಳಿದಾಗ ನನಗೆ ಭಯವಿಲ್ಲ, ಕೆಲಸ ಬಿಟ್ಟು ನಿಂತು ಕೇಳುತ್ತೇನೆ.

ನಾನು ಮದುವೆಯಾಗಿ ಬಂದಾಗಿನಿಂದ ಎಮ್ಮೆಗಳ ಜೊತೆ ಇರುವವಳು. ಗೋದಲಿಯ ಕಡೆಯಿಂದ ಕೂಗು ಬಂದರೆ ಅದು ಹಸಿವೆಯೋ, ನೀರಡಿಕೆಯೋ, ಬೆದೆಗೆ ಬಂದದ್ದೋ, ಕರುವನ್ನು ಕರೆಯುವುದೋ ಒಳಗೆ ರೊಟ್ಟಿ ಬಡಿಯುತ್ತಲೇ ಹೇಳಬಲ್ಲೆ. ಇಲ್ಲಿ ನನಗೆ ಏನೂ ತಿಳಿಯುತ್ತಿಲ್ಲ. ಬದುವಿನ ಆಚೆ ಒಂದು ಪ್ರಾಣಿ ರಾತ್ರಿಯಿಡೀ ಏನೋ ಹೇಳುತ್ತಿರುವಾಗ ಮಗ್ಗುಲು ಬದಲಿಸಿ ಮಲಗಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ನೋವಿದೆಯೇ? ಡಾಕ್ಟರರನ್ನು ಕರೆಸಬೇಕೇ? ಬಲ್ಲವರು ದಯವಿಟ್ಟು ಹೇಳಿ. ಅವರು ಇನ್ನೆರಡು ದಿನ ಮಾತ್ರ ಇಲ್ಲಿರುತ್ತಾರೆ.

ಜಮಖಂಡಿಯ ಓದುಗ:

ಅಕ್ಕಾವರೇ, ಅದು ನೀರಿನ ಚೀಲವಿರಬೇಕು. ಒಂಟೆ ಹೊಟ್ಟೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಬಾಯಾರಿದಾಗ ಆ ಚೀಲವನ್ನು ಬಾಯಿಗೆ ತಂದುಕೊಂಡು ಗಂಟಲು ತೋಯಿಸಿಕೊಳ್ಳುತ್ತದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಬುಳುಬುಳು ಎನ್ನುವುದೂ ನೀರಿನ ಸದ್ದೇ ಅಲ್ಲವೇ? ನಿಮ್ಮ ತೊಟ್ಟಿಯಲ್ಲಿ ನೀರಿದ್ದರೆ ಕುಡಿಸಿ ನೋಡಿ.

ನಿವೃತ್ತ ಜವಾನ, ಬೈಲಹೊಂಗಲ:

ತಂಗಿ, ಗಾಬರಿಯಾಗಬೇಡಿ. ನಾನು ಗಡಿ ಭದ್ರತಾ ಪಡೆಯಿಂದ ನಿವೃತ್ತನಾದವನು. ಜೈಸಲ್ಮೇರ್ ಮತ್ತು ಬಿಕಾನೇರ್ ಕಡೆಯ ಗಡಿಯಲ್ಲಿ ಆರು ವರ್ಷ ಒಂಟೆಗಳ ಜೊತೆಗೇ ಇದ್ದೆ. ಕೆಂಪು ಚೀಲದ ವಿಷಯವನ್ನು ಇಲ್ಲಿ ಪಶುವೈದ್ಯರು ಯಾರಾದರೂ ಇದ್ದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ನಿಮ್ಮ ಎರಡನೆಯ ಸದ್ದಿನಿಂದ ಶುರುಮಾಡುತ್ತೇನೆ, ಏಕೆಂದರೆ ಅದನ್ನು ಕೇಳಿ ನಿಮ್ಮ ಹಾಗೆಯೇ ನಾನೂ ಸಂಕಟಪಟ್ಟಿದ್ದೆ.

ನನಗೆ ಒಂಟೆ ವಹಿಸಿಕೊಟ್ಟ ಮೊದಲ ದಿನ. ‘ಝೇ, ಝೇ’ ಎನ್ನುತ್ತಾ ಮೂಗಿನ ಹಗ್ಗವನ್ನು ಮೆಲ್ಲಗೆ ಕೆಳಗೆ ಎಳೆದರೆ ಅದು ಕೂರುತ್ತದೆ ಎಂದು ಹೇಳಿಕೊಟ್ಟಿದ್ದರು. ನಮ್ಮ ಎತ್ತಿಗೆ ಮೂಗುದಾಣ ಹೇಗೋ ಅಲ್ಲಿ ಒಂಟೆಗೆ ನಕೇಲ್ ಹಾಗೆ. ಎಳೆದೆ. ಮುಂಗಾಲಿನ ಮೊಣಕಾಲು ಮಡಚಿತು, ಆಮೇಲೆ ಹಿಂದಿನದು, ಕೊನೆಗೆ ಎದೆಯ ಕೆಳಗಿನ ಗಟ್ಟಿ ಚರ್ಮದ ದಿಂಬನ್ನು ಮರಳಿಗೆ ಒತ್ತಿ ಕುಳಿತಿತು. ಅಷ್ಟು ಹೊತ್ತೂ ಬಾಯಿ ತೆರೆದು ಎಂಥ ಕೂಗು ಹಾಕಿತೆಂದರೆ ಮೂಗು ಹರಿದೇ ಹೋಯಿತೇನೋ ಎಂದು ನಾನು ಹಗ್ಗ ಕೈಬಿಟ್ಟೆ. ನಮ್ಮ ಉಸ್ತಾದರು ರಾಜಸ್ಥಾನದ ರಾಯಿಕಾ ಸಮುದಾಯದವರು, ತಲೆತಲಾಂತರದಿಂದ ಒಂಟೆ ಸಾಕಿದ ಮನೆತನ. ಅವರು ಬೈಯಲಿಲ್ಲ. ‘ಬಾಯಿಯನ್ನು ಕೇಳಬೇಡ, ಕುತ್ತಿಗೆಯನ್ನು ನೋಡು’ ಎಂದರು. ಆ ಮಾತು ಅರ್ಥವಾಗಲು ನನಗೆ ಒಂದು ಚಳಿಗಾಲವೇ ಬೇಕಾಯಿತು.

ಒಂಟೆಗೆ ಕುಳಿತುಕೊಳ್ಳುವುದೂ ಬೇಡ, ಏಳುವುದೂ ಬೇಡ. ಕುಳಿತಿದ್ದರೆ ಏಳಬೇಕಲ್ಲ ಎಂದು ನರಳುತ್ತದೆ, ನಿಂತಿದ್ದರೆ ಕೂರಬೇಕಲ್ಲ ಎಂದು ನರಳುತ್ತದೆ. ಜೀನಿಗೆ ಅಲ್ಲಿ ಪಲಾಣ ಎನ್ನುತ್ತಾರೆ. ಅದನ್ನು ಹೆಗಲ ಮೇಲಿಟ್ಟುಕೊಂಡು ನಾವು ದೂರದಲ್ಲಿ ಬರುವುದು ಕಂಡರೂ ಸಾಕು, ಮುಲುಗಾಟ ಆರಂಭ. ಹೊರೆ ಇನ್ನೂ ಮೈಗೆ ತಾಗಿಯೇ ಇರುವುದಿಲ್ಲ. ಇದು ದೂರು, ನೋವಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ದೂರು ನಿಂತುಹೋಗುತ್ತದೆ, ಕಿವಿ ಮುಂದಕ್ಕೆ ಬರುತ್ತವೆ. ನೋವಿನ ನರಳಾಟ ಬೇರೆ. ಪಲಾಣದ ಕೆಳಗೆ ಗಾಯವಾಗಿದ್ದರೆ ಅದು ಉದ್ದ ಕುತ್ತಿಗೆಯನ್ನು ಹಿಂದಕ್ಕೆ ಹೊರಳಿಸಿ ಆ ಜಾಗವನ್ನೇ ಕಚ್ಚಲು ನೋಡುತ್ತದೆ, ನಡೆಯತೊಡಗಿದರೂ ಸದ್ದು ನಿಲ್ಲುವುದಿಲ್ಲ. ಉಸ್ತಾದರು ಹೇಳಿದ ಕುತ್ತಿಗೆ ಇದು. ನಾಳೆ ಹೇರುವಾಗ ಇಷ್ಟನ್ನು ಗಮನಿಸಿ, ನಿಮಗೇ ತಿಳಿಯುತ್ತದೆ.

ಸದ್ದಿಗೆ ಹೆದರುವ ಪ್ರಾಣಿಯೂ ಅಲ್ಲ ಅದು. ದೆಹಲಿಯ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ 1976ರಿಂದ ನಮ್ಮ ಪಡೆಯ ಒಂಟೆಗಳು ಹೆಜ್ಜೆ ಹಾಕುತ್ತಿವೆ. ಒಂಟೆಯ ಮೇಲೆ ಕುಳಿತೇ ವಾದ್ಯ ನುಡಿಸುವವರಿದ್ದಾರೆ. ಕಿವಿಯ ಪಕ್ಕದಲ್ಲಿ ಕಹಳೆ ಊದಿದರೂ ಸುಮ್ಮನೆ ನಡೆಯುವ ಜೀವ, ಒಂದು ಚೀಲ ಹೊರಿಸಿದರೆ ಊರೆಲ್ಲ ಕೇಳುವಂತೆ ಕೂಗುತ್ತದೆ.

ನನಗೆ ಇಂದಿಗೂ ನೆನಪಾಗುವ ಒಂದು ಸದ್ದು ನಿಮ್ಮ ಪಟ್ಟಿಯಲ್ಲಿಲ್ಲ. ರಾತ್ರಿ ಕಾವಲಿನಲ್ಲಿ ಒಂಟೆಯ ಮಗ್ಗುಲಿಗೆ ಬೆನ್ನು ಕೊಟ್ಟು ಕುಳಿತರೆ, ಚಳಿಗೆ ಅದರ ಮೈ ಬೆಚ್ಚಗಿರುತ್ತದೆ. ಒಳಗೆಲ್ಲೋ ಗುಳುಕ್ ಎನ್ನುತ್ತದೆ. ಬೆಳದಿಂಗಳಿದ್ದರೆ ಮೆಲುಕಿನ ಉಂಡೆ ಆ ಉದ್ದ ಗಂಟಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಏರಿಬರುವುದು ಕಣ್ಣಿಗೇ ಕಾಣಿಸುತ್ತದೆ. ಬಾಯಿಗೆ ಬಂದ ಮೇಲೆ ಕೆಳದವಡೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳುತ್ತಾ ಬೀಸುವ ಕಲ್ಲಿನಂತೆ ಸದ್ದು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಗುಳುಕ್ ಎಂದು ಉಂಡೆ ಕೆಳಗಿಳಿಯುತ್ತದೆ, ಇನ್ನೊಂದು ಏರುತ್ತದೆ. ಮರಳಿನ ಮೇಲೆ ಅದರ ಮೆತ್ತನೆಯ ಪಾದದ ಸದ್ದು ಕೇಳುವುದೇ ಇಲ್ಲ, ಆ ಬಯಲಿನಲ್ಲಿ ರಾತ್ರಿ ಕೇಳುತ್ತಿದ್ದದ್ದು ಈ ಮೆಲುಕು ಒಂದೇ. ಅದು ನಡೆಯುತ್ತಿದ್ದರೆ ಒಂಟೆ ನೆಮ್ಮದಿಯಾಗಿದೆ ಎಂದು ನಾವೂ ನೆಮ್ಮದಿಯಾಗಿರುತ್ತಿದ್ದೆವು. ಅದು ನಿಂತರೆ ಬ್ಯಾಟರಿ ಕೈಗೆತ್ತಿಕೊಳ್ಳುತ್ತಿದ್ದೆವು.

ಬುಳುಬುಳು ಎನ್ನುವುದಕ್ಕೆ ಹಿಂದಿಯಲ್ಲಿ ಒಂಟೆಗೆಂದೇ ಒಂದು ಮಾತಿದೆ, ಬಲಬಲಾನಾ. ನಮ್ಮಲ್ಲಿ ಆನೆ ಘೀಳಿಡುತ್ತದೆ, ಕುದುರೆ ಕೆನೆಯುತ್ತದೆ, ಕತ್ತೆ ಒದರುತ್ತದೆ, ಹೋರಿ ಗುಟುರು ಹಾಕುತ್ತದೆ. ಒಂಟೆಗೆ ಅಂಥ ಮಾತು ಇದೆಯೇ ಎಂದು ನಾನು ಊರಿಗೆ ಬಂದಾಗಲೆಲ್ಲ ಹಿರಿಯರನ್ನು ಕೇಳಿದ್ದೇನೆ, ಯಾರೂ ಹೇಳಲಿಲ್ಲ. ನಿಮ್ಮ ಬಾವಿ ಮತ್ತು ಕೊಡದ ಹೋಲಿಕೆ ಓದಿದಾಗ ಆ ಸದ್ದು ಇಷ್ಟು ವರ್ಷಗಳ ಮೇಲೆ ಮತ್ತೆ ಕಿವಿಯಲ್ಲೇ ಕೇಳಿದಂತಾಯಿತು. ಬೇಗ ಬೇಗ ಕೇಳಿಸಿಕೊಳ್ಳಿ ತಂಗಿ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು. 2019ರ ಗಣತಿಯಲ್ಲಿ ಎರಡೂವರೆ ಲಕ್ಷಕ್ಕೆ ಇಳಿದಿವೆ. ರಾಜಸ್ಥಾನ ಸರ್ಕಾರ 2014ರಲ್ಲಿ ಅದನ್ನು ರಾಜ್ಯಪ್ರಾಣಿ ಎಂದು ಸಾರಿತು, ಆದರೆ ಸಾಕುವ ಮನೆಗಳು ಕಡಿಮೆಯಾಗುತ್ತಲೇ ಇವೆ.

ಪಶುವೈದ್ಯ, ಬಾಗಲಕೋಟೆ:

ಅಕ್ಕಾವರೇ, ಮೊದಲು ಸಮಾಧಾನದ ಮಾತು: ನೀವು ಕಂಡದ್ದು ಕರುಳೂ ಅಲ್ಲ, ನಾಲಿಗೆಯೂ ಅಲ್ಲ. ಜಮಖಂಡಿಯವರು ಬರೆದದ್ದನ್ನು ನಾನೂ ಚಿಕ್ಕವನಿದ್ದಾಗ ಕೇಳಿದ್ದೇನೆ, ಆದರೆ ಒಂಟೆಗೆ ನೀರಿನ ಚೀಲ ಎಂಬುದಿಲ್ಲ. ಡುಬ್ಬದಲ್ಲಿರುವುದೂ ಕೊಬ್ಬು, ನೀರಲ್ಲ.

ನಮ್ಮ ಬಾಯಿಯೊಳಗೆ ಮೇಲ್ಗಡೆ ನಾಲಿಗೆ ಆಡಿಸಿದರೆ ಮುಂದೆ ಗಟ್ಟಿಯಾದ ಅಂಗಳ, ಹಿಂದೆ ಕಿರುನಾಲಿಗೆಯ ಹತ್ತಿರ ಮೆತ್ತನೆಯ ಅಂಗಳ ಇರುತ್ತದಲ್ಲ, ಬೆಳೆದ ಗಂಡು ಒಂಟೆಯಲ್ಲಿ ಆ ಮೆತ್ತನೆಯ ಭಾಗ ಬಹಳ ಉದ್ದವಾಗಿ, ಸಡಿಲವಾಗಿ ಬೆಳೆದಿರುತ್ತದೆ. ಮದ ಬಂದಾಗ ಅದು ಉಸಿರಿನ ಗಾಳಿಯನ್ನು ಅದರೊಳಗೆ ತುಂಬಿ ಬಲೂನಿನಂತೆ ಊದಿಸಿ ಬಾಯಿಯ ಮಗ್ಗುಲಿನಿಂದ ಹೊರಬಿಡುತ್ತದೆ. ಅರಬ್ಬರು ಇದನ್ನು ದುಲ್ಲಾ ಎನ್ನುತ್ತಾರೆ. ಗಂಟಲಿನಲ್ಲಿ ತುಂಬಿದ ಜೊಲ್ಲಿನೊಳಗಿಂದ ಆ ಗಾಳಿ ಗುಳ್ಳೆಗುಳ್ಳೆಯಾಗಿ ನುಗ್ಗುವುದರಿಂದಲೇ ಬುಳುಬುಳು ಸದ್ದು, ಅದೇ ಜೊಲ್ಲು ಕಡೆದು ನೊರೆಯಾಗುತ್ತದೆ. ನೀವು ಕೊಡ ಮತ್ತು ಬಾವಿ ಎಂದಿರಿ, ಒಳಗೆ ನಡೆಯುವುದೂ ಅದೇ ಕೆಲಸ: ದ್ರವದ ನಡುವೆ ಗಾಳಿ ದಾರಿ ಮಾಡಿಕೊಳ್ಳುವುದು. ಹೆಣ್ಣಿನಲ್ಲಿ ಇದಿಲ್ಲ. ಮಂಗೋಲಿಯಾ ಕಡೆಯ ಎರಡು ಡುಬ್ಬದ ಒಂಟೆಯ ಗಂಡಿನಲ್ಲೂ ಇಲ್ಲ. ನಮ್ಮ ದೇಶದ ಬಯಲಿನ ಒಂದು ಡುಬ್ಬದ ಜಾತಿಯ ಗಂಡಿನದು ಮಾತ್ರ.

ನಮ್ಮ ದೇಶದಲ್ಲಿ ಒಂಟೆಗೆ ಮದ ಬರುವುದು ಚಳಿಗಾಲದಲ್ಲಿ, ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಹೀಗಾಗಿ ಸಂಕ್ರಾಂತಿ ಜಾತ್ರೆಗೆ ಬಂದ ಗಂಡು ಒಂಟೆ ಮದದಲ್ಲಿರುವುದು ಸಹಜ. ಆ ಹಿರಿಯರು ಮಸ್ತಿ ಎಂದದ್ದು ಇದನ್ನೇ, ನಿಮ್ಮನ್ನು ಹಗುರವಾಗಿ ಕಂಡು ನಕ್ಕದ್ದಲ್ಲ. ಹಗಲಿನಲ್ಲಿ ನೋಡಿ: ಕಿವಿಗಳ ಹಿಂದೆ, ನೆತ್ತಿ ಕುತ್ತಿಗೆಗೆ ಸೇರುವಲ್ಲಿ ಕಾಫಿ ಬಣ್ಣದ ರಸ ಒಸರಿ ಕೂದಲು ಅಂಟಿಕೊಂಡಿರುತ್ತದೆ, ದೂರದಿಂದಲೇ ವಾಸನೆ ಬರುತ್ತದೆ. ಹಿಂಗಾಲು ಅಗಲಿಸಿ ನಿಂತು ಮೂತ್ರದಲ್ಲಿ ಬಾಲ ತೋಯಿಸಿ ಬೆನ್ನಿಗೆ ಬಡಿದುಕೊಳ್ಳುತ್ತದೆ. ಹಲ್ಲು ಕಡಿಯುತ್ತದೆ. ಮೇವು ಕಡಿಮೆ ಮಾಡಿ ಪಕ್ಕೆ ಇಳಿದಿರುತ್ತದೆ. ಹೋರಿಯ ಗುಟುರಿನಲ್ಲಿ ಏನಿದೆಯೋ ಈ ಸದ್ದಿನಲ್ಲೂ ಅದೇ ಇದೆ: ಹೆಣ್ಣಿಗೆ ಕರೆ, ಇನ್ನೊಂದು ಗಂಡಿಗೆ ಎಚ್ಚರಿಕೆ.

ಈಗ ಎಚ್ಚರದ ಮಾತು, ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಮದದ ಒಂಟೆಯ ಹತ್ತಿರ ಹೋಗಬೇಡಿ, ಮಕ್ಕಳನ್ನು ಬಿಡಬೇಡಿ. ಅದರ ಕೋರೆಹಲ್ಲು ಕೈಮೂಳೆಯನ್ನು ಪುಡಿಮಾಡಬಲ್ಲದು, ತಲೆಯನ್ನು ಕಚ್ಚಿದರೆ ಜೀವಕ್ಕೇ ಅಪಾಯ. ಇಂಥ ಗಂಡಿನ ಮೇಲೆ ಜಾತ್ರೆಯಲ್ಲಿ ಮಕ್ಕಳನ್ನು ಕೂಡಿಸುವುದನ್ನು ನಾನು ಒಪ್ಪುವುದಿಲ್ಲ, ಮುಂದಿನ ಊರಿನಲ್ಲಿ ಹೆಣ್ಣು ಒಂಟೆಯನ್ನಷ್ಟೇ ಬಳಸಿ ಎಂದು ಅವರಿಗೆ ಹೇಳಿ.

ಚೀಲ ಯಾವಾಗ ಕಾಯಿಲೆ? ಹೊರಬಂದದ್ದು ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಒಳಗೆ ಹೋಗಬೇಕು. ಬಣ್ಣ ಗುಲಾಬಿ ಅಥವಾ ಕೆಂಪು ಇರಬೇಕು. ಒಮ್ಮೊಮ್ಮೆ ಅದರದೇ ಹಲ್ಲಿಗೆ ಸಿಕ್ಕಿ ಗಾಯವಾಗುತ್ತದೆ, ಬಾತುಕೊಂಡು ಒಳಗೆ ಹೋಗಲಾರದೆ ಜೋತುಬೀಳುತ್ತದೆ, ಕಪ್ಪಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ, ಪ್ರಾಣಿ ನುಂಗಲಾರದೆ ಒದ್ದಾಡುತ್ತದೆ. ಆಗ ಶಸ್ತ್ರಚಿಕಿತ್ಸೆಯೇ ಬೇಕು. ಬದುವಿನ ಈಚೆಯೇ ನಿಂತು, ಚೀಲ ಹೊರಬಂದ ಕೂಡಲೇ ಒಂದು, ಎರಡು ಎಂದು ಎಣಿಸಿ.

ಇನ್ನೊಂದು ಮಾತು ನಿಮ್ಮ ಎಮ್ಮೆಗಳಿಗಾಗಿ. ಒಂಟೆಗೆ ಬರುವ ಸರ್ರಾ ರೋಗ ರಕ್ತ ಹೀರುವ ದೊಡ್ಡ ನೊಣಗಳಿಂದ ಎಮ್ಮೆ, ದನ, ಕುದುರೆಗೂ ಹರಡುತ್ತದೆ. ಬುಳುಬುಳು ಎನ್ನುವ ಗಂಡಿನ ಬಗ್ಗೆ ನನಗೆ ಚಿಂತೆಯಿಲ್ಲ. ಸದ್ದೇ ಮಾಡದೆ, ಮೇವು ಬಿಟ್ಟು, ತಲೆ ಜೋತುಹಾಕಿ ಕುಳಿತ ಒಂಟೆ ಆ ಗುಂಪಿನಲ್ಲಿದ್ದರೆ ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಕುರಿ ಸಾಕುವ ಮನೆ, ಹುನಗುಂದ:

ಅಕ್ಕ, ನಿಮ್ಮ ಮೂರನೆಯ ಸದ್ದಿನ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಒಂಟೆ ಸುಮಾರು 13 ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ. ಆ ಹೂಂ ಎನ್ನುವುದು ತಾಯಿಯ ಕರೆ. ನಮ್ಮ ಹಟ್ಟಿಯಲ್ಲಿ ಇನ್ನೂರು ಕುರಿ ಸಂಜೆ ಒಟ್ಟಿಗೆ ಬಂದಾಗ ಪ್ರತಿ ಮರಿಯೂ ತನ್ನ ತಾಯಿಯ ದನಿ ಹಿಡಿದು ಹೋಗುತ್ತದೆ, ತಪ್ಪುವುದು ಬಹಳ ಕಡಿಮೆ. ಕೆಲವು ಕುರಿ ಈದ ಮೇಲೆ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಆಗ ನಮ್ಮ ಅವ್ವ ಕುರಿಯ ತಲೆಯನ್ನು ತೊಡೆಯ ಸಂದಿಯಲ್ಲಿ ಹಿಡಿದುಕೊಂಡು, ಮರಿಯನ್ನು ಕೆಚ್ಚಲಿಗೆ ಬಿಟ್ಟು, ಕಿವಿಯ ಹತ್ತಿರ ಏನೋ ಗುನುಗುತ್ತಾರೆ. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಒಂಟೆಗೂ ಹೀಗೆಯೇ ಮಾಡುತ್ತಾರೆ. ಮರಿಯನ್ನು ಒಲ್ಲದ ತಾಯಿ ಒಂಟೆಯ ಪಕ್ಕ ಮರಿಯನ್ನು ಕಟ್ಟಿ, ‘ಹೂಸ್, ಹೂಸ್’ ಎಂದು ರಾಗವಾಗಿ ಹಾಡುತ್ತಾ ತಂತಿವಾದ್ಯ ನುಡಿಸುತ್ತಾರೆ, ತಾಯಿ ಕರಗಿ ಮರಿಗೆ ಹಾಲು ಕೊಡುವವರೆಗೂ ಬಿಡುವುದಿಲ್ಲ. ಯುನೆಸ್ಕೋ 2015ರಲ್ಲಿ ಇದನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅವ್ವನಿಗೆ ಓದಿ ಹೇಳಿದೆ. ‘ಹಾಡದೆ ಮತ್ತೇನು ಮಾಡುತ್ತಾರೆ’ ಎಂದರು.

ನಿಮ್ಮ ಕಡೆಯ ತಾಯಿ ಒಂಟೆ ತಾನಾಗಿಯೇ ಕರೆಯುತ್ತಿದೆ, ಮರಿ ತಾನಾಗಿಯೇ ಓಡಿಬರುತ್ತಿದೆ. ಆ ಮರಿಗೆ ಏನೂ ಕೊರತೆಯಿಲ್ಲ.

ಹೊಲದ ಮನೆ, ಹೊರ್ತಿ:

ಜವಾನ ಅಣ್ಣಾವರಿಗೆ, ಡಾಕ್ಟರರಿಗೆ, ಹುನಗುಂದದ ತಮ್ಮನಿಗೆ, ಮೊದಲು ಉತ್ತರಿಸಿದ ಜಮಖಂಡಿಯವರಿಗೂ ತುಂಬಾ ಉಪಕಾರವಾಯಿತು. ಇಂದು ಬೆಳಿಗ್ಗೆ ಅವರು ಹೊರಟರು. ನಾನು ಬದುವಿನ ಈಚೆಯೇ ನಿಂತಿದ್ದೆ.

ಅಣ್ಣಾವರು ಹೇಳಿದ್ದು ಸರಿ. ಹೆಣ್ಣು ಒಂಟೆಯ ಮುಂದೆ ಇನ್ನೂ ಗಂಟು ಕಟ್ಟುತ್ತಿದ್ದಾರೆ, ಅಷ್ಟರಲ್ಲೇ ಅದು ಶುರುಮಾಡಿತು. ಪಾತ್ರೆಯ ಚೀಲ, ಹಾಸಿಗೆ, ನೀಲಿ ತಾಡಪತ್ರಿ ಒಂದೊಂದಾಗಿ ಹೇರಿದಂತೆ ದನಿ ಏರುತ್ತಾ ಹೋಯಿತು. ಕುತ್ತಿಗೆ ಮಾತ್ರ ನೆಟ್ಟಗೇ ಇತ್ತು, ಒಮ್ಮೆಯೂ ಹಿಂದೆ ಹೊರಳಲಿಲ್ಲ. ಎದ್ದಿತು, ಹೆದ್ದಾರಿಯ ಕಡೆಗೆ ತಿರುಗಿತು, ಬೇವಿನ ಮರ ದಾಟುವಷ್ಟರಲ್ಲಿ ಸುಮ್ಮನಾಯಿತು.

ಮಕ್ಕಳ ವಿಷಯವನ್ನು ಆ ಹಿರಿಯರಿಗೆ ಹೇಳಿದೆ. ಗಂಡಿನ ಮೇಲೆ ಸಾಮಾನಷ್ಟೇ, ಜಾತ್ರೆಯಲ್ಲೂ ಹೆಣ್ಣುಗಳನ್ನೇ ಬಳಸಿದೆವು ಎಂದರು. ಮೂರೂ ಒಂಟೆಗಳು ನಿನ್ನೆ ಸಂಜೆ ನಮ್ಮ ಬದುವಿನ ಜಾಲಿಯನ್ನು ಮುಳ್ಳಿನ ಸಮೇತ ಮೇಯ್ದಿವೆ, ಹಾಗಾಗಿ ಸರ್ರಾದ ಚಿಂತೆ ಸದ್ಯಕ್ಕೆ ಇಲ್ಲ. ಆದರೂ ಎಮ್ಮೆಗಳ ಮೇಲೆ ಕಣ್ಣಿಟ್ಟಿರುತ್ತೇನೆ.

ಅಣ್ಣಾವರು ಕೇಳಿದ ಮಾತನ್ನು ನಮ್ಮ ಅತ್ತೆಯವರ ಮುಂದಿಟ್ಟೆ. ನಿನ್ನೆ ರಾತ್ರಿ ಸದ್ದು ಬಂದಾಗ ಅವರು ಮಲಗಿದಲ್ಲಿಂದಲೇ ‘ಒಂಟೆ ಕೊಡ ಮುಳುಗಿಸುತ್ತಿದೆ, ಮಲಗಿಕೋ’ ಎಂದರು. ನಮ್ಮ ಮನೆಯಲ್ಲಿ ಇನ್ನು ಮೇಲೆ ಅದಕ್ಕೆ ಆ ಮಾತೇ.

ಗಂಡು ಒಂಟೆ ಎಲ್ಲಕ್ಕಿಂತ ಹಿಂದೆ ಹೊರಟಿತು. ಲಿಂಬೆಯ ಸಾಲಿನ ತುದಿಯಲ್ಲಿ ನಿಂತು ಕತ್ತೆತ್ತಿ ಚೀಲ ಹೊರಬಿಟ್ಟಿತು. ಎಣಿಸಿದೆ. ಬೆಳಗಿನ ಬಿಸಿಲಿನಲ್ಲಿ ಅದು ಗುಲಾಬಿ ಬಣ್ಣದ್ದೇ ಆಗಿತ್ತು, ಎಲ್ಲೂ ಕಪ್ಪು ಇರಲಿಲ್ಲ. ಏಳು ಎನ್ನುವಷ್ಟರಲ್ಲಿ ಒಳಗೆ ಹೋಯಿತು.